ಮೂರಕ್ಷರದ ಮರ್ಯಾದೆ

ವೈದ್ಯನಿಗೆ ಪದವಿ ಬೇಕು, ವಕೀಲನಿಗೆ ಸನ್ನದು ಬೇಕು. ನಾನಿರುವ ಅಮೆರಿಕ ದೇಶದಲ್ಲಿ ಕ್ಷೌರಿಕನಿಗೂ ಸರ್ಕಾರದ ಪರವಾನಗಿ ಬೇಕು. ಆದರೆ ಪರರ ಕೀರ್ತಿಯನ್ನು ಬಾಚಿ, ಸಿಕ್ಕು ಬಿಡಿಸಿ, ಅಲ್ಲಲ್ಲಿ ಬಿಳುಪು ಕಂಡರೆ ಬಣ್ಣವನ್ನೂ ಹಚ್ಚುವ ಸಾರ್ವಜನಿಕ ಸಂಪರ್ಕವೆಂಬ ನನ್ನ ಕಸುಬಿಗೆ ಮಾತ್ರ ಯಾರ ಅಪ್ಪಣೆಯೂ ಬೇಡ. ಈ ವೃತ್ತಿಯ ಪಿತಾಮಹರಲ್ಲೊಬ್ಬರೂ ಸಿಗ್ಮಂಡ್ ಫ್ರಾಯ್ಡರ ಸೋದರಳಿಯನೂ ಆದ ಎಡ್ವರ್ಡ್ ಬರ್ನೇಸರು ಲೈಸೆನ್ಸು ಕಡ್ಡಾಯವಾಗಬೇಕೆಂದು ಮುಪ್ಪಿನವರೆಗೂ ವಾದಿಸಿ, 103 ವರ್ಷ ಬಾಳಿ, 1995ರಲ್ಲಿ ಕಾಲವಾದರು. 1929ರಲ್ಲಿ ನ್ಯೂಯಾರ್ಕಿನ ಬೀದಿಯಲ್ಲಿ ಹೆಂಗಳೆಯರ ಕೈಯಲ್ಲಿ ಸಿಗರೇಟು ಹಿಡಿಸಿ, ಅದನ್ನೇ ಸ್ವಾತಂತ್ರ್ಯದ ಪಂಜೆಂದು ಲೋಕವನ್ನು ಒಪ್ಪಿಸಿದ ಆ ಮಹಾಶಯರು ಇದೊಂದಕ್ಕೆ ಯಾರನ್ನೂ ಒಪ್ಪಿಸಲಾರದೆ ಹೋದರು.

ಇಲ್ಲಿಯ ವೃತ್ತಿಸಂಘವು 1964ರಲ್ಲಿ ಸ್ಥಾಪಿಸಿದ ಮಾನ್ಯತೆಯ ಕ್ರಮವೊಂದುಂಟು. ತೇರ್ಗಡೆಯಾದವರು ಹೆಸರಿನ ಕೊನೆಯಲ್ಲಿ ‘ಎಪಿಆರ್’ ಎಂಬ ಮೂರಕ್ಷರಗಳನ್ನು ಧರಿಸಬಹುದು. ಧರಿಸದಿದ್ದರೆ ಯಾರೂ ಕೇಳುವುದಿಲ್ಲವೆಂಬುದು ತಿಳಿದಿದ್ದರೂ, ನಡುವಯಸ್ಸಿನಲ್ಲಿ ಮನುಷ್ಯನಿಗೆ ಹುಟ್ಟುವ ಅಲಂಕಾರಪ್ರೀತಿಯಿಂದ ನಾನೂ ಅರ್ಜಿ ಹಾಕಿದೆನು.

ಕಂಪ್ಯೂಟರಿನ ಮುಂದೆ ಕುಳಿತು ಪರೀಕ್ಷೆ ಬರೆಯುವುದಕ್ಕೆ ಮೊದಲು, ಮಾನ್ಯತೆ ಪಡೆದ ಮೂವರ ಸಮ್ಮುಖದಲ್ಲಿ ತನ್ನ ಕೆಲಸವನ್ನು ನಿವೇದಿಸಿಕೊಳ್ಳಬೇಕು. ನಾನು ಕೆಲಸ ಮಾಡುವ ಆಸ್ಪತ್ರೆಯ ಸಕ್ಕರೆ ಕಾಯಿಲೆಯ ತಪಾಸಣಾ ಶಿಬಿರಕ್ಕೆಂದು ನಾನು ಮಾಡಿಸಿದ್ದ ಬಣ್ಣಬಣ್ಣದ ಕರಪತ್ರವನ್ನು, ಮದುವೆಯ ಹೆಣ್ಣಿನ ಕಡೆಯವರು ಫೋಟೋ ತೋರಿಸುವಂತೆ, ಮೇಜಿನ ಮೇಲೆ ಹರಡಿದೆನು. ನಡುವೆ ಕುಳಿತಿದ್ದ ಹಿರಿಯ ಮಹಿಳೆ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, “ಇದನ್ನು ಅಚ್ಚು ಹಾಕಿಸುವ ಮೊದಲು ಯಾರನ್ನು ಕೇಳಿದಿರಿ?” ಎಂದರು. ನಾನು ಕೇಳಿದ್ದು ಮುದ್ರಣಾಲಯದವನನ್ನು, ಅದೂ ದರವನ್ನು. ಸಂಶೋಧನೆ, ಯೋಜನೆ, ಅನುಷ್ಠಾನ, ಮೌಲ್ಯಮಾಪನ ಎಂಬ ಪರೀಕ್ಷೆಯ ಚತುಷ್ಟಯದಲ್ಲಿ ಮೂರನೆಯದೊಂದನ್ನೇ ನಾನು ಹದಿನೈದು ವರ್ಷ ಆಚರಿಸಿದ್ದೆನೆಂಬುದು ಆ ಕ್ಷಣದಲ್ಲಿ ಬಯಲಾಯಿತು. ಮತ್ತೊಮ್ಮೆ ಸಿದ್ಧರಾಗಿ ಬನ್ನಿರೆಂದು ಸವಿನಯವಾಗಿ ಕಳುಹಿಸಿಕೊಟ್ಟರು.

ಮುಖ ಸಣ್ಣದು ಮಾಡಿಕೊಂಡು ಮನೆಗೆ ಬಂದರೆ, ಮೈಸೂರಿನಿಂದ ಆರು ತಿಂಗಳ ಮಟ್ಟಿಗೆ ಬಂದಿದ್ದ ನಮ್ಮಮ್ಮ ಮರುದಿನದ ಅತಿಥಿಗಳ ವಿಚಾರಣೆಯಲ್ಲಿದ್ದರು. ಯಾರಿಗೆ ಬೆಳ್ಳುಳ್ಳಿ ಆಗದು, ಯಾರಿಗೆ ಸಿಹಿ ವರ್ಜ್ಯ, ಮಕ್ಕಳೆಷ್ಟು ಎಂದು ನನ್ನ ಹೆಂಡತಿಯ ಬಾಯಿ ಬಿಡಿಸಿದ ತರುವಾಯವೇ ಬೇಳೆ ಅಳೆದರು. ಮರುದಿನ ಊಟವಾದ ಮೇಲೆ ತಟ್ಟೆಗಳನ್ನು ತೊಳೆಯಗೊಡದೆ ಒಂದೊಂದಾಗಿ ನೋಡಿ, “ಹುಳಿ ಮೂರು ಸಲ ಹಾಕಿಸಿಕೊಂಡರು, ಪಲ್ಯ ಅಂಚಿನಲ್ಲೇ ಉಳಿದಿದೆ, ಉಪ್ಪು ಮುಂದಾಗಿರಬೇಕು” ಎಂದು ತೀರ್ಪಿತ್ತರು. ದಪ್ಪ ದಪ್ಪ ಗ್ರಂಥಗಳಿಂದ ನನಗೆ ತಿಳಿಯದಿದ್ದ ಚತುಷ್ಟಯವು ಎಂಜಲು ತಟ್ಟೆಗಳ ಸಾಲಿನಲ್ಲಿ ಸಾಂಗವಾಗಿ ಕಾಣಿಸಿಕೊಂಡಿತು.

ಎರಡನೆಯ ಸಲ, ರೋಗಿಗಳನ್ನು ಕೇಳಿಕೊಂಡು ಹೋದುದರಿಂದ, ಮೂವರೂ ತಲೆದೂಗಿದರು, ಪರೀಕ್ಷೆಯನ್ನೂ ದಾಟಿದೆನು. ಪ್ರಶಸ್ತಿಪತ್ರವನ್ನು ಅಮ್ಮನ ಕೈಗಿತ್ತೆನು.

“ಸಂಬಳ ಹೆಚ್ಚಿತೇನೋ?”

“ಇಲ್ಲಮ್ಮ. ಮೂರು ವರ್ಷಕ್ಕೊಮ್ಮೆ ನವೀಕರಿಸಿಕೊಳ್ಳಬೇಕು, ಅಷ್ಟೆ.”

ಅಮ್ಮ ಕಾಗದವನ್ನು ಬೆಳಕಿಗೆ ಹಿಡಿದು ನೋಡಿ ಹಿಂದಿರುಗಿಸಿದರು. “ಮೂರು ವರ್ಷ ಬಿಡುತ್ತಾರೆಯೇ? ಧಾರಾಳದ ಜನ ಕಣೋ. ನಿನ್ನೆಯ ಹುಳಿ ಚೆನ್ನಾಗಿತ್ತೆಂದು ಇವತ್ತು ನನ್ನನ್ನು ಯಾರು ಬಿಡುತ್ತಾರೆ?” ಎಂದು ಸೆರಗು ಸಿಕ್ಕಿಸಿಕೊಂಡು ಅಡಿಗೆಮನೆಗೆ ನಡೆದರು.