ಹಾರ್ಲಿ ತಾತ ಊರು ಹುಡುಕಿದ್ದು

ಕರ್ನಾಟಕಕ್ಕೆ ರಾಜ್ಯಪಕ್ಷಿ ಇದೆ, ರಾಜ್ಯವೃಕ್ಷ ಇದೆ, ರಾಜ್ಯಪ್ರಾಣಿಯೆಂದು ಆನೆಯೂ ಇದೆ. ಅಮೆರಿಕದ ಕೆಲವು ರಾಜ್ಯಗಳಿಗೆ ಇಷ್ಟು ಸಾಲಲಿಲ್ಲ; ಅವು ರಾಜ್ಯಬಂದೂಕನ್ನೂ ಇಟ್ಟುಕೊಂಡಿವೆ. 2011ರಲ್ಲಿ ಯೂಟಾ ಬ್ರೌನಿಂಗ್ ಪಿಸ್ತೂಲಿಗೆ ಈ ಪಟ್ಟ ಕಟ್ಟಿತು. ಅದೇ ವರ್ಷ ಅರಿಜೋನಾ, ನಾವೆಲ್ಲ ಕೌಬಾಯ್ ಸಿನಿಮಾಗಳಲ್ಲಿ ಶಿಳ್ಳೆ ಹೊಡೆದು ನೋಡಿದ ಕೋಲ್ಟ್ ರಿವಾಲ್ವರನ್ನು ಆರಿಸಿಕೊಂಡಿತು. ಟೆನೆಸಿ ಮಾತ್ರ ಚಿಲ್ಲರೆ ವ್ಯವಹಾರ ಬೇಡವೆಂದು 2016ರಲ್ಲಿ ಬ್ಯಾರೆಟ್ ರೈಫಲ್ಲನ್ನೇ ಕೂರಿಸಿತು. ಹೊತ್ತುಕೊಂಡು ನಾಲ್ಕು ಹೆಜ್ಜೆ ಹಾಕಿದರೆ ನನ್ನಂಥವನಿಗೆ ಏದುಸಿರು ಬರುವ ಸಾಮಾನು ಅದು.

ಈ ಜ್ಞಾನವೆಲ್ಲ ನನಗೆ ಬಂದದ್ದು ಪಕ್ಕದ ಮನೆಯ ಹಾರ್ಲಿ ತಾತನಿಂದ. ಹೆಸರಿಟ್ಟವರು ನನ್ನ ಮಕ್ಕಳು. ಷಿಕಾಗೊದ ಪಶ್ಚಿಮಕ್ಕಿರುವ ನಮ್ಮ ಬಡಾವಣೆಯಲ್ಲಿ ಭಾನುವಾರ ಬೆಳಗ್ಗೆ ಆತ ಹಾರ್ಲಿ ಡೇವಿಡ್‌ಸನ್ ಸ್ಟಾರ್ಟ್ ಮಾಡಿದರೆ ನಮ್ಮನೆ ಅಡುಗೆಮನೆಯ ಕಪಾಟಿನಲ್ಲಿ ಲೋಟಗಳು ಮಾತಾಡಿಕೊಳ್ಳುತ್ತವೆ. ಜೀವಮಾನವಿಡೀ ಎಲೆಕ್ಟ್ರಿಷಿಯನ್ ಆಗಿದ್ದು ಈಗ ನಿವೃತ್ತ. ನಿವೃತ್ತನಾದ ಅಮೆರಿಕನ್ನನಿಗೆ ಒಂದು ಚಪಲವಿರುತ್ತದೆ, ಊರು ಬದಲಿಸುವುದು. ನಮ್ಮಲ್ಲಿ ಅರವತ್ತಾದರೆ ಹುಟ್ಟಿದೂರಿಗೆ ಹಿಂದಿರುಗುವ ಮಾತು ಬರುತ್ತದೆ. ಇಲ್ಲಿನವರಿಗೆ ಹುಟ್ಟಿದೂರು ಬಿಟ್ಟು ಬೇರೆ ಯಾವುದಾದರೂ ಸರಿ.

ತಾತನಿಗೆ ಬೇಕಿದ್ದದ್ದು ಮೂರೇ. ಬಂದೂಕಿಗೆ ಸರ್ಕಾರದ ಕಿರುಕುಳ ಇರಬಾರದು. ಕಿಟಕಿ ತೆಗೆದರೆ ಬೆಟ್ಟ ಕಾಣಬೇಕು. ವರ್ಷದಲ್ಲಿ ಆದಷ್ಟೂ ತಿಂಗಳು ಬೈಕ್ ಓಡಿಸುವ ಹವೆ ಇರಬೇಕು. ಹಳದಿ ಕಾಗದದ ಉದ್ದ ಪುಸ್ತಕವೊಂದರಲ್ಲಿ ಗೆರೆ ಎಳೆದು ಮೂರು ಕಾಲಂ ಮಾಡಿಕೊಂಡು, ಐವತ್ತು ರಾಜ್ಯಗಳನ್ನು ಹೆಣ್ಣು ನೋಡಲು ಹೊರಟವನ ಗತ್ತಿನಲ್ಲಿ ಒಂದೊಂದಾಗಿ ಪರೀಕ್ಷಿಸತೊಡಗಿದ. ಬೇಲಿಯಾಚೆಯಿಂದ ನಾನು ಸಲಹೆಗಾರ. ಸಂಬಳವಿಲ್ಲ, ಬಿಯರ್ ಉಂಟು.

ಇಲಿನಾಯ್ ಮೊದಲ ಸುತ್ತಿನಲ್ಲೇ ನಪಾಸು. ಇಲ್ಲಿ ಮನೆಯಲ್ಲಿ ಬಂದೂಕು ಇಟ್ಟುಕೊಳ್ಳುವುದಿರಲಿ, ನಾಲ್ಕು ಗುಂಡು ಇಟ್ಟುಕೊಳ್ಳಲೂ ರಾಜ್ಯ ಪೊಲೀಸರು ಕೊಡುವ ಗುರುತಿನ ಚೀಟಿ ಬೇಕು. 1968ರಿಂದ ಇದೇ ಕಾನೂನು. ಸೊಂಟದಲ್ಲಿ ಪಿಸ್ತೂಲು ಮರೆಸಿಕೊಂಡು ಓಡಾಡಲು ಐವತ್ತು ರಾಜ್ಯಗಳ ಪೈಕಿ ಕಟ್ಟಕಡೆಗೆ, 2013ರಲ್ಲಿ ಒಪ್ಪಿದ್ದೂ ಇದೇ ರಾಜ್ಯ. ದೃಶ್ಯದ ವಿಚಾರ ಕೇಳಲೇಬೇಡಿ. ನಮ್ಮ ಕಡೆ ಎತ್ತರದ ಜಾಗ ಎಂದರೆ ಹೈವೇಯ ಮೇಲ್ಸೇತುವೆ. ಬೈಕ್ ಹವೆಯೂ ಅಷ್ಟೆ. ಅಕ್ಟೋಬರ್ ಮುಗಿಯುತ್ತಿದ್ದ ಹಾಗೆ ತಾತ ಟ್ಯಾಂಕಿಗೆ ಪೆಟ್ರೋಲ್ ಕೆಡದಂತೆ ಔಷಧಿ ಹುಯ್ದು, ಬ್ಯಾಟರಿಗೆ ಸಣ್ಣ ಚಾರ್ಜರ್ ಸಿಕ್ಕಿಸಿ, ಮೇಲೆ ಕಂಬಳಿ ಹೊದಿಸಿ, ಗ್ಯಾರೇಜಿನ ದೀಪ ಆರಿಸುತ್ತಾನೆ. ಆಮೇಲೆ ಏಪ್ರಿಲ್‌ವರೆಗೆ ಮಾತು ಕಡಿಮೆ. 1903ರಲ್ಲಿ ಹಾರ್ಲಿ ಹುಟ್ಟಿದ ಮಿಲ್ವಾಕಿ ನಮ್ಮಿಂದ ಎರಡು ಗಂಟೆ ದಾರಿ. ಅಲ್ಲಿ ಚಳಿ ಇನ್ನೂ ಹೆಚ್ಚು. ಅರ್ಧ ವರ್ಷ ಓಡಿಸಲಾಗದ ಊರಲ್ಲಿ ಕೂತು ಇಂಥ ಗಾಡಿ ಕಟ್ಟಿದವರ ಧೈರ್ಯ ದೊಡ್ಡದು.

ಆದರೆ ಇಲಿನಾಯಿಗೆ ಒಂದು ಔದಾರ್ಯವಿದೆ. ಹೆಲ್ಮೆಟ್ ಕಾನೂನೇ ಇಲ್ಲದ ಮೂರು ರಾಜ್ಯಗಳಲ್ಲಿ ಇದೊಂದು. ಉಳಿದೆರಡು ಅಯೋವ ಮತ್ತು ನ್ಯೂ ಹ್ಯಾಂಪ್‌ಶೈರ್. ಹಾಗಾಗಿ ತಾತನ ಬಿಳಿ ಜುಟ್ಟು ಗಾಳಿಯಲ್ಲಿ ಧ್ವಜದ ಹಾಗೆ ಹಾರಿಕೊಂಡೇ ಹೋಗುತ್ತದೆ. ಕೋವಿಗೆ ಚೀಟಿ, ತಲೆಗೆ ಸ್ವಾತಂತ್ರ್ಯ. ಬೆಂಗಳೂರಿನಲ್ಲಿ ಸಿಗ್ನಲ್ ಕಂಡಾಗ ಮಾತ್ರ ಮೊಣಕೈಯಿಂದ ತಲೆಗೇರುವ ಹೆಲ್ಮೆಟ್ಟಿನ ಸಂಪ್ರದಾಯದಲ್ಲಿ ಬೆಳೆದ ನನಗೆ ಇದು ಬೇಗ ಅರ್ಥವಾಯಿತು.

ಕ್ಯಾಲಿಫೋರ್ನಿಯಾ ಎಂದಾಗ ತಾತನ ಮುಖ ಮೊದಲು ಅರಳಿ ಆಮೇಲೆ ಬಾಡಿತು. ಸಮುದ್ರದ ಅಂಚಿನಲ್ಲೇ ಹೋಗುವ ಒಂದನೇ ನಂಬರಿನ ಹೆದ್ದಾರಿ, ಹನ್ನೆರಡು ತಿಂಗಳೂ ಹದವಾದ ಹವೆ. ನಿಂತ ಕಾರುಗಳ ಸಾಲಿನ ನಡುವೆ ಬೈಕ್ ನುಗ್ಗಿಸುವುದಕ್ಕೂ ಅಲ್ಲಿ ಕಾನೂನಿನ ಒಪ್ಪಿಗೆಯಿದೆ. 2016ರಲ್ಲಿ ಶಾಸನವನ್ನೇ ಮಾಡಿದರಂತೆ. ನಾವು ಸಿಲ್ಕ್ ಬೋರ್ಡಿನಲ್ಲಿ ಯಾವ ಶಾಸನಸಭೆಯನ್ನೂ ಕೇಳದೆ ಮಾಡುತ್ತಿದ್ದುದನ್ನು ಒಂದು ರಾಜ್ಯ ಚರ್ಚೆ ನಡೆಸಿ ಅಂಗೀಕರಿಸಿತು ಎಂದು ಕೇಳಿ ನನಗೆ ಹೆಮ್ಮೆಯೇ ಆಯಿತು. ಆದರೆ ಕೋವಿಯ ಕಾಲಂನಲ್ಲಿ ಸೊನ್ನೆ. ದುಡ್ಡು ಕೊಟ್ಟ ಮೇಲೂ ಹತ್ತು ದಿನ ಕಾಯಬೇಕು. ಯಾವ ಪಿಸ್ತೂಲು ಮಾರಬಹುದು ಎಂಬುದಕ್ಕೆ ಸರ್ಕಾರದ್ದೇ ಪಟ್ಟಿ. "ದೇವರು ಹವೆ ಕೊಟ್ಟ, ಮಿಕ್ಕಿದ್ದೆಲ್ಲ ಕಿತ್ತುಕೊಂಡ" ಎಂದು ತಾತ ಅಡ್ಡಗೀಟು ಹಾಕಿದ.

ಫ್ಲಾರಿಡಾ 2023ರಲ್ಲಿ ಪರವಾನಗಿಯ ಕಟ್ಟು ಸಡಿಲಿಸಿದೆ, ಹಿಮವಂತೂ ಇಲ್ಲ. ಆದರೆ ಇಡೀ ರಾಜ್ಯದ ಅತಿ ಎತ್ತರದ ಬಿಂದು 345 ಅಡಿ. ನಮ್ಮೂರಲ್ಲಿ ಅದಕ್ಕೆ ದಿಣ್ಣೆ ಎನ್ನುತ್ತಾರೆ, ಎಮ್ಮೆ ಮೇಯಿಸುತ್ತಾರೆ. ತಿರುವೇ ಇಲ್ಲದ ರಸ್ತೆಯಲ್ಲಿ ಬೈಕ್ ಓಡಿಸುವುದು ಬಸ್ಸಿನಲ್ಲಿ ಕೂತದ್ದಕ್ಕೆ ಸಮ ಎಂಬುದು ತಾತನ ವಾದ. ಅರಿಜೋನಾದಲ್ಲಿ 2010ರಿಂದ ಪರವಾನಗಿಯ ಗೊಡವೆಯಿಲ್ಲ, ಸೆಡೋನಾದ ಕೆಂಪು ಬಂಡೆ ನೋಡಲು ಕಣ್ಣು ಸಾಲದು. ಆದರೆ 2023ರ ಬೇಸಿಗೆಯಲ್ಲಿ ಫೀನಿಕ್ಸ್ ನಗರ ಸತತ 31 ದಿನ 110 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿ ಇಲ್ಲವೇ ದಾಟಿ ಬೆಂದಿತು. ನಮ್ಮ ಲೆಕ್ಕದಲ್ಲಿ 43ಕ್ಕೆ ಮೇಲೆ. ರಾಯಚೂರಿನವರಿಗೆ ಇದು ಸುದ್ದಿಯಲ್ಲ. ಹಾರ್ಲಿಯ ಎಂಜಿನ್ನು ಸವಾರನ ಎರಡು ತೊಡೆಗಳ ನಡುವೆಯೇ ಇರುವುದರಿಂದ ತಾತನಿಗೆ ಸುದ್ದಿ.

ಮೊಂಟಾನಾ ಬಹಳ ದಿನ ಪಟ್ಟಿಯ ತಲೆಯಲ್ಲಿತ್ತು. ಬೇರ್‌ಟೂತ್ ಹೆದ್ದಾರಿಯ ಚಿತ್ರ ತಂದು ತೋರಿಸಿದ. ಮೊಂಟಾನಾ, ವಯೋಮಿಂಗ್ ಗಡಿಯಲ್ಲಿ ಸುಮಾರು ಹನ್ನೊಂದು ಸಾವಿರ ಅಡಿ ಎತ್ತರಕ್ಕೆ ಹಾವಿನ ಹಾಗೆ ಹತ್ತುವ ರಸ್ತೆ. ಎಷ್ಟು ತಿಂಗಳು ತೆರೆದಿರುತ್ತದೆ ಎಂದು ಕೇಳಿದೆ. ಮೇ ಕೊನೆಯಿಂದ ಅಕ್ಟೋಬರ್ ನಡುವಿನ ತನಕ. ಉಳಿದಂತೆ ಹಿಮದಡಿ. ಬೆಟ್ಟ ಎತ್ತರವಾದಷ್ಟೂ ಚೆಂದ, ಎತ್ತರವಾದಷ್ಟೂ ಹಿಮ. ಎರಡನೇ ಕಾಲಂಗೆ ಅಂಕ ಕೊಡುವ ಬೆಟ್ಟವೇ ಮೂರನೆಯದರಲ್ಲಿ ಕಿತ್ತುಕೊಳ್ಳುತ್ತದೆ. ತಾತನ ಸಂಕಟವೆಲ್ಲ ಇಷ್ಟೇ. ಇದನ್ನು ಭೂಗೋಳದ ಮೇಷ್ಟರು ಐದು ನಿಮಿಷದಲ್ಲಿ ಹೇಳಿಬಿಡುತ್ತಿದ್ದರು. ಆದರೆ ಹಳದಿ ಪುಸ್ತಕದಲ್ಲಿ ಇನ್ನೂ ಹಾಳೆಗಳಿದ್ದವು.

ನ್ಯೂ ಹ್ಯಾಂಪ್‌ಶೈರಿನ ಮೇಲೆ ಅವನಿಗೆ ಕಣ್ಣಿದ್ದದ್ದು ಸಹಜ. ಅಲ್ಲಿ ಕೋವಿಗೂ ಚೀಟಿಯಿಲ್ಲ, ತಲೆಗೂ ಕಟ್ಟಳೆಯಿಲ್ಲ, ಸಂಬಳದ ಮೇಲೆ ರಾಜ್ಯದ ತೆರಿಗೆಯೂ ಇಲ್ಲ. ಸ್ವಾತಂತ್ರ್ಯಪ್ರಿಯರೆಲ್ಲ ಒಂದೇ ರಾಜ್ಯಕ್ಕೆ ವಲಸೆ ಹೋಗಿ ಅಲ್ಲಿನ ರಾಜಕೀಯವನ್ನೇ ಬದಲಿಸೋಣ ಎಂದು 2001ರಲ್ಲಿ ಹೊರಟ ಫ್ರೀ ಸ್ಟೇಟ್ ಪ್ರಾಜೆಕ್ಟ್‌ನವರು 2003ರಲ್ಲಿ ಮತ ಹಾಕಿ ಆರಿಸಿದ್ದೂ ಇದನ್ನೇ. ಕಾರುಗಳ ನಂಬರ್ ಪ್ಲೇಟಿನ ಮೇಲೇ 'ಬದುಕಿದರೆ ಸ್ವತಂತ್ರವಾಗಿ, ಇಲ್ಲವೇ ಸಾವು' ಎಂದು ಬರೆದಿರುತ್ತದೆ. ನಂಬಿಕೆಗೆ ಒಪ್ಪದೆಂದು ಆ ಸಾಲನ್ನು ಮುಚ್ಚಿಕೊಂಡ ಜಾರ್ಜ್ ಮೇನಾರ್ಡ್ ಎಂಬಾತನಿಗೆ ಅದೇ ರಾಜ್ಯ ಹದಿನೈದು ದಿನ ಜೈಲು ತೋರಿಸಿತು! 1977ರಲ್ಲಿ ಸುಪ್ರೀಂ ಕೋರ್ಟು, ಬೇಡವೆನಿಸಿದರೆ ಮುಚ್ಚಿಕೊಳ್ಳಲಿ ಬಿಡಿ ಎಂದಿತು. ಸ್ವಾತಂತ್ರ್ಯವನ್ನು ಕಡ್ಡಾಯ ಮಾಡುವ ಈ ಹುರುಪು ಜಾರ್ಜಿಯಾದ ಕೆನೆಸಾ ಪಟ್ಟಣದಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿದೆ. ಪ್ರತಿ ಮನೆಯ ಯಜಮಾನನೂ ಬಂದೂಕು ಇಟ್ಟುಕೊಳ್ಳಲೇಬೇಕು ಎಂದು 1982ರಲ್ಲಿ ಅಲ್ಲಿ ಕಾನೂನಾಯಿತು. ಒಲ್ಲದವರಿಗೆ ವಿನಾಯಿತಿಯಿದೆ, ಯಾರನ್ನೂ ಹಿಡಿದು ಶಿಕ್ಷಿಸುವ ಉಸಾಬರಿಯಿಲ್ಲ. ನನ್ನ ಹೆಂಡತಿ ಇದನ್ನು ಕೇಳಿ, "ರೇಷನ್ ಕಾರ್ಡಿನ ಮೇಲೆ ಕೊಡ್ತಾರಂತಾ?" ಎಂದಳು.

ನಗುವಾಗಲೂ ಒಂದು ಮಾತು ಗಂಟಲಲ್ಲಿ ನಿಲ್ಲುತ್ತದೆ. ನನ್ನ ಮಗಳು ಒಂದನೇ ಕ್ಲಾಸಿನಲ್ಲಿ ಅಕ್ಷರದ ಜೊತೆ ಕಲಿತದ್ದರಲ್ಲಿ, ಬಂದೂಕು ಹಿಡಿದವನು ಶಾಲೆಗೆ ನುಗ್ಗಿದರೆ ದೀಪ ಆರಿಸಿ ಬಾಗಿಲು ಭದ್ರಪಡಿಸಿದ ಮೇಲೆ ಕಿಟಕಿಗೆ ಕಾಣದ ಮೂಲೆಯಲ್ಲಿ ಕೆಮ್ಮದೆ ಕೂರುವುದೂ ಒಂದು. ಮನೆಗೆ ಬಂದು ಗೊಂಬೆಗಳಿಗೂ ಅದನ್ನೇ ಕಲಿಸಿದಳು. ಇದನ್ನು ತಾತನಿಗೆ ಹೇಳಿದೆ. ಆತ ವಾದಕ್ಕೆ ಬರಲಿಲ್ಲ. ತನ್ನವು ಉಕ್ಕಿನ ಬೀರುವಿನಲ್ಲಿವೆ, ಕೀಲಿಕೈ ತನ್ನ ಹೆಂಡತಿಗೂ ಗೊತ್ತಿಲ್ಲದ ಕಡೆ ಇದೆ ಎಂದಷ್ಟೇ ಹೇಳಿದ. ಅವನನ್ನು ಅನುಮಾನಿಸಲು ನನಗೆ ಕಾರಣವಿಲ್ಲ. ಬೀರುವಿಲ್ಲದವರ ಚಿಂತೆ ನನ್ನದು. ನಮ್ಮಿಬ್ಬರ ನಡುವೆ ಆ ಬೇಲಿ ಹಾಗೆಯೇ ಇದೆ.

ಕೊನೆಗೆ ದಾರಿ ತೋರಿಸಿದ್ದು ಒಂದು ಬಂದೂಕಿನ ಕಂಪನಿ. ಮ್ಯಾಸಚೂಸೆಟ್ಸಿನ ಸ್ಪ್ರಿಂಗ್‌ಫೀಲ್ಡ್ ಎಂಬ ಊರು ಒಂದು ಕಾಲದಲ್ಲಿ ತಾತನಂಥವರ ಕಾಶಿ. ಸರ್ಕಾರದ ಶಸ್ತ್ರಾಗಾರ 1968ರವರೆಗೆ ಅಲ್ಲಿತ್ತು. 1901ರಲ್ಲಿ ಇಂಡಿಯನ್ ಮೋಟರ್‌ಸೈಕಲ್ಲು ಅಲ್ಲೇ ಹುಟ್ಟಿತು. ಸ್ಮಿತ್ ಅಂಡ್ ವೆಸನ್ ಕೂಡ ತಲೆಮಾರುಗಟ್ಟಲೆ ಅಲ್ಲಿಯದೇ. ಕೆಲವು ಬಗೆಯ ಬಂದೂಕುಗಳ ತಯಾರಿಕೆಯನ್ನೇ ನಿಷೇಧಿಸುವ ಮಸೂದೆ ಆ ರಾಜ್ಯದಲ್ಲಿ ಬಂದಾಗ ಕಂಪನಿ ಮುನಿಸಿಕೊಂಡು, 2023ರಲ್ಲಿ ತನ್ನ ಪ್ರಧಾನ ಕಚೇರಿಯನ್ನು ಟೆನೆಸಿಯ ಮೇರಿವಿಲ್‌ಗೆ ಸಾಗಿಸಿತು. ಮೇರಿವಿಲ್ ಇರುವುದು ಸ್ಮೋಕಿ ಬೆಟ್ಟಗಳ ಬುಡದಲ್ಲಿ. ಆ ಊರನ್ನು ಹಾದುಹೋಗುವ 129ನೇ ಹೆದ್ದಾರಿಯೇ ಮುಂದೆ ಬೆಟ್ಟ ಹತ್ತಿ, ಬೈಕಿನವರು 'ಡ್ರ್ಯಾಗನ್ನಿನ ಬಾಲ' ಎಂದು ಕರೆಯುವ ತುಂಡಾಗುತ್ತದೆ. ಹನ್ನೊಂದು ಮೈಲಿಯಲ್ಲಿ 318 ತಿರುವು. ಅಲ್ಲೊಂದು ಮರವಿದೆ. ತಿರುವಿನಲ್ಲಿ ಜಾರಿಬಿದ್ದವರು ತಮ್ಮ ಬೈಕಿನ ಮುರಿದ ಕನ್ನಡಿ, ಮಡ್‌ಗಾರ್ಡು, ಸೈಲೆನ್ಸರುಗಳನ್ನು ಅದಕ್ಕೆ ನೇತುಹಾಕಿ ಹೋಗುತ್ತಾರೆ, ನಮ್ಮಲ್ಲಿ ಹರಕೆಯ ಮರಕ್ಕೆ ತೊಟ್ಟಿಲು ಕಟ್ಟಿದ ಹಾಗೆ. ಹೆಸರು ಮಾತ್ರ 'ನಾಚಿಕೆಯ ಮರ'. ಟೆನೆಸಿಯಲ್ಲಿ 2021ರಿಂದ ಪಿಸ್ತೂಲು ಸಿಕ್ಕಿಸಿಕೊಳ್ಳಲು ಪರವಾನಗಿ ಬೇಡ. ಚಳಿಯೂ ಇಲಿನಾಯಿನಷ್ಟು ಕ್ರೂರವಲ್ಲ. ಮೂರೂ ಕಾಲಂ ಭರ್ತಿ. ತಾತ ಪೆನ್ನು ಮುಚ್ಚಿಟ್ಟು ಇನ್ನೊಂದು ಬಿಯರ್ ತೆಗೆದ.

"ಅಲ್ಲಿ ಹೆಲ್ಮೆಟ್ ಕಡ್ಡಾಯವಂತೆ" ಎಂದೆ. ನಿಜವನ್ನೇ ಹೇಳಿದ್ದು.

ತಾತ ನನ್ನನ್ನು ನೋಡಿದ ನೋಟ ನಾನೇ ಆ ಶಾಸನಸಭೆಯ ಸ್ಪೀಕರ್ ಎಂಬಂತಿತ್ತು. ಸೊಂಟಕ್ಕೆ ಏನು ಬೇಕಾದರೂ ಕಟ್ಟಿಕೋ, ತಲೆಗೆ ಮಾತ್ರ ನಾವು ಹೇಳಿದ್ದನ್ನೇ ಕಟ್ಟಿಕೋ ಎಂದರೆ ಇದೆಂಥ ಸ್ವಾತಂತ್ರ್ಯ? ಇಲಿನಾಯ್ ತಲೆ ಬಿಟ್ಟು ಸೊಂಟ ಹಿಡಿಯುತ್ತದೆ, ಟೆನೆಸಿ ಸೊಂಟ ಬಿಟ್ಟು ತಲೆ ಹಿಡಿಯುತ್ತದೆ. ಎರಡನ್ನೂ ಬಿಟ್ಟ ನ್ಯೂ ಹ್ಯಾಂಪ್‌ಶೈರನ್ನು ಹಿಮ ಹಿಡಿಯುತ್ತದೆ.

ಬೇಸರದಲ್ಲಿದ್ದವನನ್ನು ಸಮಾಧಾನಪಡಿಸಲು ಹೋಗಿ ಕೊಡಗಿನ ಕತೆ ಹೇಳಿದೆ. "ನಿಮ್ಮ ದೇಶದಲ್ಲಿ ಬಂದೂಕಿಗೆ ಅವಕಾಶವೇ ಇಲ್ಲವಲ್ಲ?" ಎಂದು ಅವನೇ ಕೆದಕಿದ್ದ. ನಾನು ಹಾಸನದವನು; ಪಕ್ಕದ ಜಿಲ್ಲೆಯ ಮಾನ ಕಾಪಾಡುವುದು ನನ್ನ ಧರ್ಮ. ಇಡೀ ದೇಶದಲ್ಲಿ ಕೋವಿಗೆ ಲೈಸೆನ್ಸು ಬೇಕು; ಕೊಡವರಿಗೂ ಅಲ್ಲಿನ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ವಿನಾಯಿತಿ. 1861ರಿಂದ, ನಮ್ಮ ಕಬ್ಬನ್ ಪಾರ್ಕಿನ ಕಬ್ಬನ್ ಸಾಹೇಬರ ಕಾಲದಿಂದ ನಡೆದುಬಂದದ್ದು. 2019ರಲ್ಲಿ ಕೇಂದ್ರ ಸರ್ಕಾರ ಇನ್ನೂ ಹತ್ತು ವರ್ಷಕ್ಕೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟು ಸರಿ ಎಂದಿತು. ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ಸೆಪ್ಟೆಂಬರಿನ ಕೈಲ್‌ಪೊಳ್ದ್ ದಿನ ಗೆಳೆಯನೊಬ್ಬನ ಐನ್‌ಮನೆಯಲ್ಲಿ ನಾನು ಕಂಡಿದ್ದೇನೆ. ದೇವರ ಕೋಣೆಯಲ್ಲಿ ಸಾಲಾಗಿ ಒರಗಿಸಿದ ಕೋವಿಗಳು, ಅವಕ್ಕೆ ಗಂಧದ ಬೊಟ್ಟು, ನಳಿಗೆಯ ಬಾಯಿಗೆ ಕೆಂಪು ಹಳದಿ ದಳಗಳ ತೋಕ್‌ಪೂ. ಪೂಜೆಯಾದ ಮೇಲೆ ಮೈದಾನದಲ್ಲಿ ದೂರಕ್ಕೆ ತೆಂಗಿನಕಾಯಿ ಕಟ್ಟಿ ಗುರಿ ಹೊಡೆಯುವ ಪಂದ್ಯ. ಸೊಸೆಯಂದಿರೂ ಹೊಡೆದರು, ಒಬ್ಬರು ಕಾಯಿಯನ್ನು ಸೀಳಿಯೇಬಿಟ್ಟರು. ಆಮೇಲೆ ಕಡಂಬುಟ್ಟು, ಪಂದಿಕರಿ.

ತಾತನ ಕಣ್ಣಲ್ಲಿ ಹೊಳಪು. ಮೊದಲ ಕಾಲಂಗೆ ಹತ್ತಕ್ಕೆ ಹತ್ತು. ಬೆಟ್ಟ, ಕಾಫಿ ತೋಟ, ಮಂಜು ಎಂದೆ. ಹತ್ತಕ್ಕೆ ಹತ್ತು. ಶನಿವಾರ ಬೆಳಗಾದರೆ ಬೆಂಗಳೂರಿನ ಬುಲೆಟ್ಟುಗಳೆಲ್ಲ ಅತ್ತ ಕಡೆಗೇ ಎಂದೆ.

"ಜುಲೈನಲ್ಲಿ ಓಡಿಸಬಹುದಾ?"

"ಜುಲೈನಲ್ಲಿ ಭಾಗಮಂಡಲದ ಕಡೆ ಹೋದರೆ ರಸ್ತೆ ಎಲ್ಲಿ, ಹೊಳೆ ಎಲ್ಲಿ ಅಂತ ಕೇಳಿಕೊಂಡು ಹೋಗಬೇಕು. ನಿಲ್ಲಿಸಿದರೆ ಜಿಗಣೆ."

ಪೆನ್ನು ಕೆಳಗಿಳಿಯಿತು. ಕೇಳಬೇಕಾದ್ದನ್ನು ಆಮೇಲೆ ಕೇಳಿದ, "ಆ ವಿನಾಯಿತಿ ನನಗೆ ಸಿಗುತ್ತದಾ?" ಕೊಡವನಾಗಿ ಹುಟ್ಟಬೇಕು, ಇಲ್ಲವೇ ಜಮ್ಮಾ ಭೂಮಿಯ ಹಕ್ಕು ಇರಬೇಕು ಎಂದೆ. ಎರಡಕ್ಕೂ ತಡವಾಯಿತು ಎಂಬುದನ್ನು ತಾತ ಘನತೆಯಿಂದ ಒಪ್ಪಿಕೊಂಡ.

ಈಗ ಮೇರಿವಿಲ್ ಎಂದು ನಿಶ್ಚಯವಾಗಿದೆ. ನಿಶ್ಚಯ ಮಾಡಿದವರು ತಾತನ ಹೆಂಡತಿ. ಆಕೆಯ ತಂಗಿ ಅಲ್ಲಿಂದ ಅರ್ಧ ಗಂಟೆ ದೂರದ ನಾಕ್ಸ್‌ವಿಲ್‌ನಲ್ಲಿದ್ದಾಳೆ, ಮಂಡಿಚಿಪ್ಪು ಬದಲಿಸುವ ಒಳ್ಳೆಯ ಡಾಕ್ಟರೂ ಅಲ್ಲೇ ಇದ್ದಾನೆ. ತಾತನಿಗೆ ಹೆಲ್ಮೆಟ್ಟನ್ನೂ ಆಕೆಯೇ ಆರಿಸಿದ್ದಾಳೆ, ಕಿವಿ ಮುಚ್ಚುವಂಥದ್ದು.

ಮನೆ ಮಾರಾಟಕ್ಕಿದೆ ಎಂದು ತಿಳಿದದ್ದೇ ನನ್ನ ಹೆಂಡತಿ ಕನ್ನಡ ಕೂಟದ ವಾಟ್ಸಾಪಿಗೆ ಹಾಕಿದಳು. ಪಕ್ಕದಲ್ಲಿ ನಮ್ಮವರೇ ಬಂದರೆ ಒಂದು ಬಟ್ಟಲು ಹುಣಿಸೆಹಣ್ಣಿಗೆ ಆಸರೆಯಾಗುತ್ತದಲ್ಲ. ಮೊದಲ ಫೋನು ಬಂದಾಗ ತಾತ ನಮ್ಮ ಅಂಗಳದಲ್ಲೇ ನಿಂತಿದ್ದ.

"ನಮಸ್ಕಾರ ಸಾರ್, ಮನೆ ಯಾವ ಫೇಸಿಂಗು?"

"ವೆಸ್ಟು."

"ಅಯ್ಯೋ. ಹಿಂದುಗಡೆ ಬಾಗಿಲಿದೆಯಾ?"

"ಇದೆ, ಹಿತ್ತಿಲಿಗೆ."

"ಹಂಗಿದ್ರೆ ಅದನ್ನೇ ಮೇನ್ ಡೋರ್ ಮಾಡ್ಕೋಬಹುದಾ, ಓನರ್‌ನ ಸ್ವಲ್ಪ ಕೇಳಿ ನೋಡಿ ಸಾರ್."

ಓನರನ್ನು ಕೇಳಿದೆ. ಬಾಗಿಲು ಮೂಡಲಿಗಿದ್ದರೆ ನಮ್ಮವರಿಗೆ ಏನೇನು ಲಾಭವೆಂದು ನನಗೆ ತಿಳಿದಷ್ಟು ವಿವರಿಸಿದೆ. ತಾತ ಗಂಭೀರವಾಗಿ ತಲೆಯಾಡಿಸಿ, ಒಳಗೆ ಹೋಗಿ ಹಳದಿ ಪುಸ್ತಕ ತಂದು, ಮೂರು ಕಾಲಂಗಳ ಪಕ್ಕದಲ್ಲಿ ಇನ್ನೊಂದು ಗೆರೆ ಎಳೆದ. "ಇದಕ್ಕೆ ಎಷ್ಟು ಡಾಲರ್ ಜಾಸ್ತಿ ಕೇಳಬಹುದು ಅಂತೀಯ?"