ಎಡಗಿವಿಯ ಮುನಿಸು

ಪೂರ್ತಿ ಕೆಟ್ಟುಹೋದ ಯಂತ್ರವನ್ನು ನಂಬಬಹುದು, ಆಗಾಗ ಕೆಡುವುದನ್ನಲ್ಲ. ಪೆಪ್ಪರ್‌ಮಿಂಟ್ ತಗಡಿನ ಡಬ್ಬಿಯೊಳಗೆ 9 ವೋಲ್ಟ್ ಬ್ಯಾಟರಿ, ಎಂಟು ಕಾಲಿನ ಐಸಿ ಕೂರಿಸಿ ಮಾಡಿಕೊಳ್ಳುವ ಹೆಡ್‌ಫೋನ್ ಆಂಪ್ಲಿಫೈಯರ್‌ಗೆ ಹವ್ಯಾಸಿಗಳು ‘ಸಿಮಾಯ್’ ಎನ್ನುತ್ತಾರೆ. ಚು ಮಾಯ್ ಎಂಬುವರ ಸರ್ಕ್ಯೂಟು ಅದು. ನಾನು ಕಟ್ಟಿದ್ದರಲ್ಲಿ ಎಡ ಚಾನೆಲ್ ಮನಸ್ಸು ಬಂದರೆ ಹಾಡುತ್ತಿತ್ತು, ಇಲ್ಲದಿದ್ದರೆ ಮೌನವ್ರತ. ಮುಚ್ಚಳ ತೆಗೆದರೆ ಸಾಕು, ಡಾಕ್ಟರನ್ನು ಕಂಡ ಹಲ್ಲುನೋವಿನ ಹಾಗೆ ದೋಷ ನಾಪತ್ತೆ!

ಇನ್‌ಪುಟ್ ತಂತಿಗಳನ್ನು ಎಡಬಲ ಅದಲುಬದಲು ಮಾಡಿದೆ. ಆಗಲೂ ಎಡವೇ ಸತ್ತಿತು, ಅಂದರೆ ಹಾಡು ಕಳಿಸುವ ಫೋನು ನಿರಪರಾಧಿ. ಹೆಡ್‌ಫೋನನ್ನು ನೇರ ಫೋನಿಗೆ ಸಿಕ್ಕಿಸಿದರೆ ಎರಡೂ ಕಿವಿ ಹಾಡಿದವು, ಅದೂ ಪಾರು. ಐಸಿಯ 1ನೇ ಕಾಲು ಒಂದು ಚಾನೆಲ್‌ನ ಔಟ್‌ಪುಟ್, 7ನೆಯದು ಇನ್ನೊಂದರದು. ಒಂದೇ ಸ್ವರ ಹಾಕಿಟ್ಟು, ಎಡ ಮತ್ತೆ ಮುನಿಯುವವರೆಗೆ ಕಾದು, ಮಲ್ಟಿಮೀಟರನ್ನು ಎಸಿ ವೋಲ್ಟೇಜಿಗೆ ತಿರುಗಿಸಿ ಎಡದ ಕಾಲಿಗೆ ಮುಟ್ಟಿಸಿದೆ. ಕಿವಿಯಲ್ಲಿ ಸದ್ದಿಲ್ಲ, ಕಾಲಿನಲ್ಲಿ ವೋಲ್ಟೇಜ್ ಇದೆ! ಅಂದಮೇಲೆ ಕಳ್ಳ ಇರುವುದು ಐಸಿಯ ಆಚೆಗೆ.

ಐಸ್‌ಕ್ರೀಮ್ ಕಡ್ಡಿಯಿಂದ ಒಂದೊಂದನ್ನೇ ತಟ್ಟುತ್ತ ಹೋದೆ. (ಲೋಹದ ಸ್ಕ್ರೂಡ್ರೈವರ್ ಬೇಡ, ಒಂದು ದೋಷ ಹುಡುಕಹೋಗಿ ಎರಡಾಗುತ್ತದೆ.) ಔಟ್‌ಪುಟ್ ಜಾಕ್ ತಟ್ಟಿದ್ದೇ ತಡ, ಎಡಗಿವಿಯಲ್ಲಿ ಚಟಚಟ. ಭೂತಗನ್ನಡಿ ಹಿಡಿದರೆ ಬೆಸುಗೆ ಹೊಳಪಿಲ್ಲದೆ ಬೂದಿಬಣ್ಣ, ಜಾಕಿನ ಕಾಲಿನ ಸುತ್ತ ಕೂದಲೆಳೆಯಷ್ಟು ಬಿರುಕು. ಹೆಡ್‌ಫೋನ್ ಪಿನ್ನು ಚುಚ್ಚಿ ಎಳೆದಾಗಲೆಲ್ಲ ಅಲುಗಿ ಬಿಟ್ಟುಕೊಂಡಿದೆ. ಫ್ಲಕ್ಸ್ ಸವರಿ, ಕಾಯಿಸಿ, ಹೊಸ ಬೆಸುಗೆ ಹಾಕಿದೆ.

ಈಗ ಎರಡೂ ಕಡೆ ಸಂಗೀತ. ಅಮ್ಮನಿಗೆ ಮಾತ್ರ ಬೇಸರ: “ಮೊದಲಾದ್ರೆ ಕರೆದಾಗ ಒಂದು ಕಿವಿಯಾದ್ರೂ ಕೇಳಿಸ್ತಿತ್ತು ಕಣೋ ನಿಂಗೆ!”