ಹಾಲಿನ ರೇಟು ಕೇಳಿದ್ರಾ?

ನಮ್ಮ ಮಗಳನ್ನು ನೋಡಿಕೊಳ್ಳುವ ಆಂಟಿ ಎರಡೂವರೆ ವರ್ಷದಲ್ಲಿ ಒಮ್ಮೆಯೂ ‘ಫೀಸು ಜಾಸ್ತಿ ಮಾಡಿ’ ಎಂದು ಬಾಯಿಬಿಟ್ಟವರಲ್ಲ. ಬೆಳಿಗ್ಗೆ ಗೇಟಿನ ಹತ್ತಿರ ಮಗುವನ್ನು ಎತ್ತಿಕೊಳ್ಳುತ್ತಾ ‘ಹಾಲಿನ ರೇಟು ಕೇಳಿದ್ರಾ?’ ಎನ್ನುತ್ತಾರೆ, ಅಷ್ಟೇ. ನಾನು ‘ಹೂಂ ಆಂಟಿ, ಏನ್ ಮಾಡೋದು’ ಎಂದು ಬಸ್ ಸ್ಟಾಪಿಗೆ ಓಡುತ್ತೇನೆ. ಬೆಂಗಳೂರಿನ ಟ್ರಾಫಿಕ್ಕಿನಿಂದ ನನಗಾಗಿರುವ ಉಪಕಾರ ಇದೊಂದೇ.

ಮನೆ ಓನರಿಗೆ ಈ ಪೇಚಾಟವಿಲ್ಲ. ಹನ್ನೊಂದು ತಿಂಗಳ ಅಗ್ರಿಮೆಂಟಿನಲ್ಲೇ ಬಾಡಿಗೆ ಏರುವ ಲೆಕ್ಕ ಬರೆದಿರುತ್ತದೆ. ನಗುತ್ತಲೇ ಬಂದು ವಸೂಲು ಮಾಡುತ್ತಾರೆ. ನಂದಿನಿ ಹಾಲಿನವರ ಉಪಾಯ ಇನ್ನೂ ನಯ. 2024ರ ಜೂನ್‌ನಲ್ಲಿ ಪ್ಯಾಕೆಟ್ಟಿಗೆ 50 ಮಿ.ಲೀ. ಹೆಚ್ಚು ತುಂಬಿ 2 ರೂಪಾಯಿ ಹೆಚ್ಚಿಗೆ ತೆಗೆದುಕೊಂಡರು. ಏರಿದ್ದು ಹಾಲೇ ಹೊರತು ಬೆಲೆಯಲ್ಲ ಎಂಬ ವಾದ. 2025ರ ಏಪ್ರಿಲ್ 1ಕ್ಕೆ ಲೀಟರಿಗೆ 4 ರೂಪಾಯಿ ಏರಿಸುವಾಗ ಆ ನಯವೂ ಉಳಿಯಲಿಲ್ಲ. ಆಂಟಿ ಪಾಪ, ಏನನ್ನು ಹೆಚ್ಚಿಗೆ ತುಂಬಿಯಾರು? ಎಂಟು ತಿಂಗಳಿನಲ್ಲಿ ಎರಡು ಚಮಚ ರಾಗಿ ಸರಿಗೆ ಮುಖ ತಿರುಗಿಸುತ್ತಿದ್ದ ನಮ್ಮವಳು ಈಗ ಎರಡು ದೋಸೆ ಮುಗಿಸಿ ಮೂರನೆಯದಕ್ಕೆ ತಟ್ಟೆ ಬಡಿಯುತ್ತಾಳೆ. ಡೈಪರ್ ಖರ್ಚು ಇಳಿದದ್ದು ನಮಗೆ, ಹಿಟ್ಟಿನ ಖರ್ಚು ಏರಿದ್ದು ಅವರಿಗೆ. ಸಂಜೆ ಆರೂವರೆ ಎಂದು ಹೇಳಿ ಏಳೂವರೆಗೆ ಹೋಗಿ ನಿಂತ ದಿನಗಳ ಲೆಕ್ಕವನ್ನಂತೂ ಇಬ್ಬರೂ ಇಟ್ಟಿಲ್ಲ. ನಾನು ಇಟ್ಟಿಲ್ಲ, ಖಂಡಿತ.

ಐವತ್ತು ಜನ ಕೆಲಸ ಮಾಡುವ ಕಡೆ ಶಿಶುಪಾಲನಾ ಕೇಂದ್ರ ಇರಲೇಬೇಕು ಎಂದಿತು ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿ. ನಮ್ಮ ಆಫೀಸಿನಲ್ಲಿ ವಾಚ್‌ಮನ್ ಸೇರಿಸಿ ಎಣಿಸಿದರೂ ನಲವತ್ತೆರಡು. ಕಾಯ್ದೆ ಲಿಫ್ಟಿನವರೆಗೆ ಬಂದು ವಾಪಸು ಹೋಗಿದೆ.

ಹೀಗೆ ದಾಕ್ಷಿಣ್ಯದಲ್ಲೇ ಆರು ಸಾವಿರಕ್ಕೆ ನಿಂತಿದ್ದ ಗಾಡಿ ಮೊನ್ನೆ ಹೊರಟಿತು. ಮಗುವನ್ನು ಕರೆತರಲು ಹೋದಾಗ ವರಾಂಡದಲ್ಲಿ ಹೊಸಬರೊಬ್ಬರು, ಕೈಯಲ್ಲಿ ಕೂಸು. ‘ಎಂಟು ಅಂತಿದಾರೆ. ನೀವೆಷ್ಟು ಕೊಡ್ತೀರಾ ಮೇಡಂ?’ ಆಂಟಿ ತಲೆಯೆತ್ತಲಿಲ್ಲ. ನನ್ನ ಮಗಳಿಗಾಗಿ ಬಾಳೆಹಣ್ಣಿನ ನಾರು ಬಿಡಿಸುತ್ತಿದ್ದರು. ಬಾಳೆಹಣ್ಣಿಗೆ ಅಷ್ಟೊಂದು ನಾರಿರುತ್ತದೆಂದು ನನಗೆ ಅಂದೇ ಗೊತ್ತಾದದ್ದು. ಆರು ಎಂದರೆ ಆಂಟಿಯ ಮಾತು ಬೀಳುತ್ತದೆ, ಎಂಟು ಎಂದರೆ ನನಗೆ ಕುತ್ತು. ಸುಮ್ಮನೆ ನಕ್ಕುಬಿಡೋಣವೆಂದುಕೊಂಡೆ. ಅಷ್ಟರಲ್ಲಿ ಬಾಯಿ ‘ಅಷ್ಟೇ ರೀ, ಎಂಟು’ ಎಂದುಬಿಟ್ಟಿತ್ತು.

ನಾರು ಸಲೀಸಾಗಿ ಬಿಟ್ಟಿತು.

ರಾತ್ರಿ ಗಂಡನಿಗೆ ಹೇಳಿದರೆ, ‘ಏಳು ಅಂದಿದ್ರೂ ನಡೀತಿತ್ತಲ್ಲ’ ಎಂದರು. ಗಂಡಸರಿಗೆ ಇಂಥ ಬುದ್ಧಿ ಬರುವುದು ಊಟವಾದ ಮೇಲೆಯೇ.

ಒಂದನೇ ತಾರೀಕು ಎಂಟು ಸಾವಿರವನ್ನು ಕವರಿನಲ್ಲಿಟ್ಟು ಕೊಟ್ಟೆ. ಆಂಟಿ ಎಣಿಸಲಿಲ್ಲ. ಎಣಿಸದೆಯೇ, ‘ಅಯ್ಯೋ, ಇಷ್ಟೊಂದು ಯಾಕಮ್ಮಾ, ನೀವು ಹಳಬರು’ ಎಂದು ಕವರನ್ನು ದೇವರ ಮುಂದಿಟ್ಟರು. ಅದು ಅಲ್ಲಿಂದ ಅಲ್ಲಾಡಲಿಲ್ಲ. ಆವತ್ತು ಮಗಳ ಡಬ್ಬಿಯ ಜೊತೆ ನನಗೂ ಎರಡು ಕೊಬ್ಬರಿ ಮಿಠಾಯಿ ಕೊಟ್ಟು ಕಳಿಸಿದರು. ಬಾಯಲ್ಲಿಟ್ಟರೆ ಕರಗುವಂತಿತ್ತು.

ಮಾರನೆಯ ಬೆಳಿಗ್ಗೆ ಗೇಟಿನ ಹತ್ತಿರ ಮಗುವನ್ನು ಎತ್ತಿಕೊಂಡು ಕೇಳಿದರು:

‘ತೆಂಗಿನಕಾಯಿ ರೇಟು ಕೇಳಿದ್ರಾ?’